ಸನ್ನಿಯ ಮಾತು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿದ್ದ ಬೇಸಿಗೆ. ವಾರದ ರಜೆಗೆಂದು ಹೆಬ್ಬಾಲೆಯ ಮನೆಗೆ ಬಂದ ವನಜಮ್ಮನ ಮೂಗಿಗೆ ಅಂಗಳದಲ್ಲೇ ಮೆಣಸು ಜಜ್ಜಿ ಕುದಿಸಿದ ಕಷಾಯದ ಘಾಟು ಬಡಿಯಿತು. ಒಳಗೆ ಅತ್ತೆ ರಂಗಮ್ಮ ಒಲೆಯಿಂದ ಕುಡಿಕೆ ಇಳಿಸುತ್ತಿದ್ದಳು. ಮೂಲೆಯ ಚಾಪೆಯ ಮೇಲೆ ಏಳು ವರ್ಷದ ಮಗಳು ದೇವೀರಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ವನಜಮ್ಮ ಚೀಲವನ್ನು ಬಾಗಿಲಲ್ಲೇ ಹಾಕಿ ಮಗಳ ಹಣೆ ಮುಟ್ಟಿದಳು. "ಯಾವಾಗಿಂದ?"

"ನೆನ್ನೆ ಮೊನ್ನೆಯಿಂದ."

ಜಗಲಿಯಲ್ಲಿ ಹೊಗೆಸೊಪ್ಪು ಆರಿಸುತ್ತಿದ್ದ ಮಾವ ಜವರಯ್ಯ ತಡೆಯಲಾರದೆ ಅಂದ: "ಸುಳ್ಯಾಕೆ ಯೋಳ್ತೀಯೆ? ಓದ ವಾರ ನೀನ್ ಬಸ್ ಅತ್ತಿದ್ ದಿನವೇ ಕೂಸಿನ್ ಮೈ ಬಿಸಿಯಾಯ್ತು ಕಣವ್ವ."

ವನಜಮ್ಮ ಮಗುವಿನ ನಾಲಿಗೆ ನೋಡಿದಳು. ನಡುವೆ ಬೂದಿ ಬಳಿದಂತೆ, ಅಂಚು ಕೆಂಪಗೆ. ಹೊಟ್ಟೆ ಉಬ್ಬಿತ್ತು.

"ಒಂದು ಮಾತು ಹೇಳಿ ಕಳಿಸೋಕೆ ಆಗ್ಲಿಲ್ವಾ ಅತ್ತೆ? ಆಸ್ಪತ್ರೇಲಿ ಕೆಲಸ ಮಾಡೋಳು ನಾನು. ನನ್ನ ಮಗೂಗೇ ಮೆಣಸಿನ ನೀರಾ?"

"ಯೋಳಿ ಕಳಿಸಿದ್ರೆ ಓಡಿ ಬತ್ತಿದ್ದಾ? ದಡಾರ ಬಂದಾಗ ಯೋಳಿ ಕಳಿಸ್ಲಿಲ್ವಾ? ಡೂಟಿ ಐತೆ ಅಂದೆ. ಎತ್ತಿದ್ದು ನೀನು, ಸಾಕಿದ್ದು ನಾನು."

ಆ ಮನೆಯಲ್ಲಿ ಯಾವ ಜಗಳ ಎದ್ದರೂ ರಂಗಮ್ಮನ ಕೊನೆಯ ಮಾತು ಅದೇ. ಅದರಲ್ಲಿ ಸುಳ್ಳೂ ಇರಲಿಲ್ಲ. ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಹೊಲ ಮಾಡಿದ್ದ ಆ ಸಂಸಾರದಲ್ಲಿ ಓದಿದವಳು ಎಂದರೆ ವನಜಮ್ಮ ಒಬ್ಬಳೇ. ಹಾಸನದಲ್ಲಿ ಕಾಂಪೌಂಡರ್ ಆಗಿದ್ದವನ ಮಗಳು. ಮದುವೆಗೆ ಮೊದಲೇ ನರ್ಸ್ ತರಬೇತಿ ಮುಗಿಸಿದ್ದಳು. ಸುಂಟಿಕೊಪ್ಪದ ಮೇಲಿನ ಎಸ್ಟೇಟ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ದೇವೀರಿ ಆಗಷ್ಟೇ ಮೊಲೆ ಬಿಟ್ಟ ಕೂಸು. ವಾರವೆಲ್ಲ ಕ್ವಾರ್ಟರ್ಸ್, ಒಂದು ದಿನ ಮನೆ. ಮಗು ಉಂಡಿದ್ದು, ಮಲಗಿದ್ದು, ತಲೆ ಬಾಚಿಸಿಕೊಂಡಿದ್ದು ಎಲ್ಲ ಅಜ್ಜಿಯ ಮಡಿಲಲ್ಲೇ. ನೆರೆಯವರ ಮುಂದೆ "ನಮ್ ಸೊಸೆ ಸೂಜಿ ಚುಚ್ತಾಳೆ" ಎಂದು ಹೆಮ್ಮೆ ಪಡುತ್ತಿದ್ದ ರಂಗಮ್ಮನೇ ಮನೆಯೊಳಗೆ ಸೊಸೆಯ ಬಿಳಿ ಸೀರೆ ಕಂಡರೆ ಮುಖ ಸಿಂಡರಿಸುತ್ತಿದ್ದಳು.

ಗಂಡ ಮಂಜುನಾಥ ಮರದ ಲಾರಿ ಓಡಿಸುತ್ತಿದ್ದ. ಮಧ್ಯಾಹ್ನ ಉಣ್ಣಲು ಬಂದವನು ಮಗಳನ್ನು ನೋಡಿ ತಟ್ಟೆಯ ಮುಂದೆ ಕೂರಲೇ ಇಲ್ಲ. ಲಾರಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕಿ ಎಸ್ಟೇಟ್ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ದೇವೀರಿಯ ತಲೆ ರಂಗಮ್ಮನ ತೊಡೆಯ ಮೇಲಿತ್ತು. ವನಜಮ್ಮ ಕಾಲ ಬಳಿ ಕುಳಿತು, ಹಳ್ಳ ಬಂದಾಗಲೆಲ್ಲ ಮಗುವಿನ ಹೊಟ್ಟೆ ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ವಿಷಮಶೀತ ಜ್ವರ ಅಂದರು. ಕರುಳು ಹುಣ್ಣಾಗಿರುತ್ತದೆ, ಗಟ್ಟಿ ಪದಾರ್ಥ ಒಂದಗುಳೂ ಕೂಡದು, ಹಾಸಿಗೆಯಿಂದ ಏಳುವುದಿರಲಿ, ಜೋರಾಗಿ ಹೊರಳಲೂ ಕೂಡದು, ಕರುಳು ಒಡೆದರೆ ತಮ್ಮ ಕೈಯಲ್ಲಿ ಏನೂ ಇಲ್ಲ. ಹೊಸ ಮಾತ್ರೆ ಬಂದಿದೆ, ಕೊಡೋಣ, ಕಾಯೋಣ.

ಮಕ್ಕಳ ಕೋಣೆಯ ಬಾಗಿಲಲ್ಲಿ ಹೆಡ್ ಸಿಸ್ಟರ್ ಪೊನ್ನಮ್ಮ ನಿಂತಿದ್ದಳು. ಕೊಡವರ ಹೆಂಗಸು, ನೆಟ್ಟಗಿನ ಬೆನ್ನು, ಅಲುಗದ ದನಿ. "ಒಳಗೆ ಮನೆಯವರು ಇರುವ ಹಾಗಿಲ್ಲ. ಸಂಜೆ ಬಂದು ನೋಡಿ ಹೋಗಬಹುದು. ವನಜಾ, ನಿನಗೆ ಬದಲಿ ಕೊಡಲು ನನ್ನ ಹತ್ತಿರ ಜನ ಇಲ್ಲ ಮಾರಾಯ್ತಿ. ಈ ಬಾಗಿಲ ಒಳಗೆ ನೀನು ತಾಯಿ ಅಲ್ಲ, ನರ್ಸ್. ಆಗ್ತದಾ?"

"ಆಗ್ತದೆ ಸಿಸ್ಟರ್" ಅಂದಳು ವನಜಮ್ಮ.

ರಂಗಮ್ಮ ಆ ಮಾತು ಕೇಳಿಸಿಕೊಂಡಳು. ಮಗುವಿನ ಕಂಬಳಿ ಮಡಿಚಿ ಬಗಲಲ್ಲಿಟ್ಟುಕೊಂಡು ಲಾರಿ ಹತ್ತಿದಳು.

ಜ್ವರದಲ್ಲಿ ಮಕ್ಕಳಿಗೆ ಸನ್ನಿ ಹಿಡಿದರೆ ಏನು ಮಾಡಬೇಕು ಎಂಬುದರಲ್ಲಿ ಆ ಆಸ್ಪತ್ರೆಯ ನರ್ಸುಗಳಿಗೆ ಅನುಮಾನವೇ ಇರಲಿಲ್ಲ. ಕೈ ಕಾಲು ಕಟ್ಟಬೇಕು. ಕಿಟಕಿಗೆ ಬಟ್ಟೆ ಹಾಕಬೇಕು. ಮಗು ಏನೇ ಅಂದರೂ ಉತ್ತರ ಕೊಡಬಾರದು. ಕೊಟ್ಟರೆ ಸನ್ನಿ ಹೆಚ್ಚುತ್ತದೆ. ಚೀರಾಟ ಮಿತಿ ಮೀರಿದರೆ ಡಾಕ್ಟರನ್ನು ಕೇಳಿ ಸೂಜಿ. ಹೇಗೂ ಮಗುವಿಗೆ ಏನೂ ತಿಳಿಯುವುದಿಲ್ಲ, ಜ್ವರ ಇಳಿದ ಮೇಲೆ ಏನೂ ನೆನಪಿರುವುದಿಲ್ಲ. ಹೊಸದಾಗಿ ಸೇರಿದ್ದ ಪ್ರೇಮಾವತಿಗೆ ಇದನ್ನೆಲ್ಲ ಕಲಿಸಿದವಳು ವನಜಮ್ಮನೇ. ಚಹಾ ಕುಡಿಯುವಾಗ ನರ್ಸುಗಳು ಸನ್ನಿ ಹಿಡಿದ ಮಕ್ಕಳ ಮಾತನ್ನು ಹೇಳಿಕೊಂಡು ನಗುತ್ತಿದ್ದರು. ಒಬ್ಬ ಪ್ರೇಮಾವತಿಯನ್ನು ಆನೆ ಅಂದಿದ್ದ. ಇನ್ನೊಬ್ಬಳು ಬಾರ್ಲಿ ನೀರಿನ ಲೋಟದೊಳಗೆ ತನ್ನ ಸತ್ತ ತಮ್ಮನನ್ನು ಕಂಡಿದ್ದಳು. ವನಜಮ್ಮನೂ ನಕ್ಕಿದ್ದಳು. ಅದು ಕಲ್ಲು ಮನಸ್ಸಿನ ನಗುವಲ್ಲ. ಹಾಗೆ ನಗದಿದ್ದರೆ ಮತ್ತೆ ಆ ಕೋಣೆಗೆ ಹೋಗುವುದು ಕಷ್ಟವಿತ್ತು.

ಕಟ್ಟುವುದಕ್ಕೆ ಅವಳಿಗೆ ಕಾರಣವೂ ಇತ್ತು. ಹಿಂದಿನ ವರ್ಷ ಗುಂಡ ಎಂಬ, ಎಸ್ಟೇಟ್ ಕೂಲಿಗಳ ಲೈನಿನ ಹುಡುಗ ಇದೇ ಜ್ವರದಲ್ಲಿ ಮಲಗಿದ್ದ. ಪಾಪ ಎಂದು ಅವಳೇ ಅವನ ಕೈ ಬಿಚ್ಚಿದ್ದಳು. ಅತ್ತ ನೀರು ತರಲು ಹೋದಾಗ ಅವನು ಹುಲಿ ಬಂತೆಂದು ಮಂಚದಿಂದ ಹಾರಿದ. ಸಂಜೆಯೊಳಗೆ ಹೊಟ್ಟೆ ಹಲಗೆಯಂತಾಗಿ ಹೋಗಿಬಿಟ್ಟ. ಪೊನ್ನಮ್ಮ ಒಂದು ಮಾತೂ ಬೈಯಲಿಲ್ಲ. ವನಜಮ್ಮ ಅಂದಿನಿಂದ ಯಾರ ಕೈಯನ್ನೂ ಬಿಚ್ಚಿರಲಿಲ್ಲ.

ದೇವೀರಿಗೆ ಸನ್ನಿ ಹತ್ತಿದ್ದು ಜ್ವರದ ಮೂರನೆಯ ವಾರ ಹಿಡಿಯುವ ಹೊತ್ತಿಗೆ. ಮೊದಲು ಹೊದಿಕೆಯ ನೂಲು ಕೀಳತೊಡಗಿದಳು. ಆಮೇಲೆ ಎದ್ದು ಕೂರಲು ನೋಡಿದಳು. ಬಿಳಿಯ ಟೋಪಿ ಹಾಕಿಕೊಂಡು ಬಂದ ಪ್ರೇಮಾವತಿಯನ್ನು ಕಂಡು ಕಿಟಾರನೆ ಕಿರುಚಿದಳು: "ಅಜ್ಜೀ, ಕೊಕ್ಕರೆ! ಕಣ್ಣ ಕುಕ್ತದೆ, ಓಡ್ಸು ಅಜ್ಜೀ!"

ರೂಢಿಯಂತೆ ಪ್ರೇಮಾವತಿಗೆ ನಗು ಬಂತು. ವನಜಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. "ಅಕ್ಕ, ನಾನು ಕಟ್ಟಲಾ?"

"ಬೇಡ. ನಾನೇ ಕಟ್ತೀನಿ."

ಮಣಿಕಟ್ಟಿಗೆ ಹತ್ತಿ ಸುತ್ತಿ, ಅದರ ಮೇಲೆ ಪಟ್ಟಿ ಹಾಕಿ, ಮಂಚದ ಕಂಬಿಗೆ ಬಿಗಿಯುವಾಗ ದೇವೀರಿ ಒದ್ದಾಡುವುದನ್ನು ನಿಲ್ಲಿಸಿದಳು. ಅಲ್ಲಿ ಇಲ್ಲಿ ಓಡುತ್ತಿದ್ದ ಕಣ್ಣು ನೇರವಾಗಿ ತಾಯಿಯ ಮುಖಕ್ಕೆ ಬಂದು ನಿಂತಿತು.

"ಅವ್ವಾ, ಬ್ಯಾಡ."

ವನಜಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಂಟು ಹಾಕುವ ಕೈ ನಿಲ್ಲಲಿಲ್ಲ.

"ನಿಮ್ಮನ್ನೇ ಕರೆದ ಹಾಗಾಯ್ತಲ್ಲ ಅಕ್ಕ" ಅಂದಳು ಪ್ರೇಮಾವತಿ.

"ಸನ್ನಿಯ ಮಾತು. ಉತ್ತರ ಕೊಡಬೇಡ."

ಸಂಜೆ ಮಂಜುನಾಥ ತಾಯಿಯನ್ನು ಕರೆತಂದ. ಮೊಮ್ಮಗಳ ಕೈ ಕಂಡದ್ದೇ ರಂಗಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ಅಸೂನ ಗೊಂತಿಗೆ ಕಟ್ಟೋ ಅಂಗೆ ಕಟ್ಟವ್ಳಲ್ಲೋ ಮಂಜಾ! ಬಿಚ್ಚೇ, ಬಿಚ್ಚು!" ಎಂದು ಗಂಟಿಗೆ ಕೈ ಹಾಕಿದಳು. ವನಜಮ್ಮ ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದಳು. ವರಾಂಡದಲ್ಲಿ ಜಗಳ ಬೆಳೆಯಿತು.

"ಕೈ ಬಿಟ್ರೆ ಎದ್ದು ಓಡ್ತಾಳೆ ಅತ್ತೆ. ಕರುಳು ಒಡೆದ್ರೆ ಸಾಯ್ತಾಳೆ!"

"ನನ್ನ ಕೂರ್ಸು. ನಾನ್ ಇಡ್ಕೋತೀನಿ. ನನ್ ಮಡ್ಲಲ್ಲಿ ಯಾವತ್ತಾದ್ರೂ ಓಡವ್ಳಾ ಅವ್ಳು?"

"ಇಲ್ಲಿ ಹಂಗೆಲ್ಲ ಬಿಡಲ್ಲ."

"ಯಾರ್ ಬಿಡಲ್ಲ? ನೀನೇ ಅಲ್ವಾ ಇಲ್ಲಿ ಇರೋಳು?"

ಮಂಜುನಾಥ ಇಬ್ಬರ ನಡುವೆ ಬೀಡಿ ಹಚ್ಚದೆ ಹಿಡಿದು ನಿಂತಿದ್ದ. "ಒಂದ್ ಮಾತು ಆ ಸಿಸ್ಟರ್ನ ಕೇಳ್ ನೋಡು ವನಜಾ" ಅಂದ. ವನಜಮ್ಮ ಕೇಳಲಿಲ್ಲ. ಕಾಯಿದೆ ಎಲ್ಲರಿಗೂ ಒಂದೇ ಎಂದು ಲೈನಿನ ಎಷ್ಟೋ ತಾಯಂದಿರನ್ನು ಗೇಟಿನಾಚೆ ನಿಲ್ಲಿಸಿದವಳಿಗೆ ತನ್ನ ಮನೆಯವರಿಗಾಗಿ ಬಾಯಿ ತೆರೆಯಲು ನಾಲಿಗೆ ಬರಲಿಲ್ಲ.

ರಂಗಮ್ಮ ಊರಿಗೆ ಹೋಗಲಿಲ್ಲ. ಸುಂಟಿಕೊಪ್ಪದ ಪೇಟೆಯಲ್ಲಿ ಪರಿಚಯದವರ ಅಂಗಡಿಯ ಹಿಂದೆ ಮಲಗಿ, ಮರುದಿನ ಬೆಳಗ್ಗೆ ಬಂದು ಮಕ್ಕಳ ಕೋಣೆಯ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ಒಳಗೆ ದೇವೀರಿ ಕಂಬಿ ಅಲ್ಲಾಡಿಸಿ ಅರಚುತ್ತಿದ್ದಳು. ಹೊರಗಿನಿಂದ ರಂಗಮ್ಮ ಮನೆಯಲ್ಲಿ ಕರೆಯುವ ದನಿಯಲ್ಲೇ ಕರೆದಳು: "ದೇವೀರೀ... ಕೋಳಿ ಎಲ್ಲಾ ಬಂದ್ವೇನವ್ವ?"

ಅರಚಾಟ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಗು ಅಂದಿತು: "ಕೆಂದ ಬಂದಿಲ್ಲ ಅಜ್ಜೀ."

"ಬತ್ತದೆ ಬುಡು. ಬೇಲಿ ತಾವ ಅದೆ, ನಂಗ್ ಕಾಣ್ತದೆ. ನೀನ್ ಮನಿಕೊ."

ವನಜಮ್ಮ ಮಗಳ ನಾಡಿ ಹಿಡಿದು ನಿಂತಿದ್ದಳು. ಬೆರಳಡಿಯಲ್ಲಿ ಅದು ನಿಧಾನವಾಗುತ್ತ ಬಂದದ್ದು ಅವಳಿಗೆ ಗೊತ್ತಾಯಿತು. ಕಟ್ಟಿದ ಕೈಗಳು ಸಡಿಲವಾಗಿ ಬಿದ್ದುಕೊಂಡವು. ಆ ಬೆಳಗ್ಗೆಯೆಲ್ಲ ರಂಗಮ್ಮ ಕೋಳಿ, ಕರು, ಹಿತ್ತಿಲ ಸೀಬೆಕಾಯಿ ಎಂದು ಮಾತಾಡುತ್ತಲೇ ಇದ್ದಳು. ಮಗು ಆಗೊಂದು ಈಗೊಂದು ಉತ್ತರ ಕೊಡುತ್ತ ನಿದ್ದೆ ಹೋಯಿತು.

ಡಾಕ್ಟರ ಜೊತೆ ರೌಂಡ್ಸಿಗೆ ಹೊರಟ ಪೊನ್ನಮ್ಮ ಬಾಗಿಲಲ್ಲಿ ನಿಂತಳು. "ಯಾರದು ಕಿಟಕಿಯಲ್ಲಿ ಮಾತಾಡುವುದು? ಗೇಟಿನಲ್ಲಿ ಲೈನಿನವರು ನೋಡ್ತಾ ಇದ್ದಾರೆ ವನಜಾ. ನಿನ್ನ ಮನೆಯವರಿಗೆ ಬೇರೆ ಕಾನೂನು ಉಂಟಾ?"

ನಿದ್ದೆ ಬಂದಿದೆ ಸಿಸ್ಟರ್, ಆ ದನಿಗೇ ನಿದ್ದೆ ಬಂದಿದೆ ಎಂದು ಹೇಳಬಹುದಿತ್ತು. ವನಜಮ್ಮನ ಮುಖ ಅವಮಾನದಿಂದ ಬಿಸಿಯಾಯಿತು. ಹೊರಗೆ ಹೋಗಿ, "ಅತ್ತೆ, ಎದ್ದೇಳಿ. ನನ್ನ ಕೆಲಸ ಕಳೀಬೇಡಿ. ಊರಿಗೆ ಹೋಗಿ" ಅಂದಳು.

ರಂಗಮ್ಮ ಮಂಡಿ ಹಿಡಿದುಕೊಂಡು ಎದ್ದಳು. "ಕೆಂದ ಬಂತು ಅಂತ ಯೋಳು, ಎದ್ದಾಗ" ಎಂದಷ್ಟೇ ಹೇಳಿ ಇಳಿಜಾರಿನಲ್ಲಿ ನಡೆದಳು.

ಎದ್ದಾಗ ದೇವೀರಿ ಅಜ್ಜಿಯನ್ನು ಕರೆದಳು. ಕಿಟಕಿ ಸುಮ್ಮನಿತ್ತು. ಮತ್ತೆ ಕರೆದಳು. ವನಜಮ್ಮ ಕೆಂದನ ಸುದ್ದಿ ಹೇಳಲಿಲ್ಲ. ಉತ್ತರ ಕೊಡಬಾರದೆಂಬ ರೂಢಿ ಬಾಯಿಯನ್ನು ಹೊಲಿದಿತ್ತು. ಮಗು ಕಟ್ಟನ್ನು ಎಳೆದೆಳೆದು ಹತ್ತಿಯನ್ನು ಕಿತ್ತು ಮಣಿಕಟ್ಟಿನ ಚರ್ಮ ಸುಲಿದುಕೊಂಡಿತು. ಮರುದಿನ ಮಧ್ಯಾಹ್ನ ಕರುಳಿನಿಂದ ರಕ್ತ ಹೋಗಿ ಹಾಸಿಗೆ ನೆನೆಯಿತು.

ಆಮೇಲಿನದೆಲ್ಲ ಬಾಟಲಿ, ಸೂಜಿ, ಹೊಟ್ಟೆಯ ಮೇಲೆ ಮಂಜುಗಡ್ಡೆ. ಪೊನ್ನಮ್ಮ ಊಟಕ್ಕೂ ಹೋಗದೆ ಮಂಚದ ಪಕ್ಕ ನಿಂತಳು. ಮಗುವಿನ ಕಾಲುಗಳನ್ನು ತನ್ನ ಕೈಯಲ್ಲೇ ಉಜ್ಜಿ ಬಿಸಿ ಮಾಡಿದಳು. ಮುಗಿದೇ ಹೋಯಿತು ಎಂದುಕೊಂಡಾಗ ರಕ್ತ ನಿಂತಿತು. ದಿನ ಕಳೆದಂತೆ ಜ್ವರವೂ ಇಳಿಯಿತು. ದೇವೀರಿ ಉಳಿದಳು.

ಕೂದಲೆಲ್ಲ ಉದುರಿ, ಕಡ್ಡಿಯಾಗಿ ಮನೆಗೆ ಬಂದ ಮಗುವಿಗೆ ಜವರಯ್ಯ ಮುಂಜಾನೆ ಎದ್ದು ಹಾಲು ಕರೆದು ತರುತ್ತಿದ್ದ. ರಂಗಮ್ಮ ಅನ್ನವನ್ನು ಬಟ್ಟೆಯಲ್ಲಿ ಸೋಸಿ ಗಂಜಿ ಮಾಡುತ್ತಿದ್ದಳು. ವನಜಮ್ಮ ರಜೆ ಹಾಕಿ ಮನೆಯಲ್ಲಿದ್ದಳು. ಆದರೆ ಮಗು ಅವಳ ಕೈಯಿಂದ ಒಂದು ಗುಟುಕೂ ಕುಡಿಯಲಿಲ್ಲ. ಅವಳು ಹತ್ತಿರ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿತ್ತು.

ಒಂದು ದಿನ ಎಲ್ಲರೂ ಉಣ್ಣಲು ಕೂತಿದ್ದರು. ವನಜಮ್ಮ ಮಜ್ಜಿಗೆ ಅನ್ನ ಕಲಸಿ ಮಗಳ ಮುಂದಿಟ್ಟಳು. ಕೈಗಳು ಬೆನ್ನ ಹಿಂದೆ ಹೋದವು.

"ಕೈ ಯಾಕವ್ವ ಬಚ್ಚಿಟ್ಕೋತೀಯ?" ಅಂದ ಜವರಯ್ಯ.

"ಅವ್ವ ಕಟ್ತಾಳೆ."

ಮಂಜುನಾಥ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. ವನಜಮ್ಮ ಅತ್ತೆಯ ಕಡೆ ತಿರುಗಿದಳು. "ನೀವು ಹೇಳ್ಕೊಟ್ಟಿದ್ದೀರಿ. ಸನ್ನೀಲಿ ಆದದ್ದು ಮಕ್ಕಳಿಗೆ ನೆನಪಿರಲ್ಲ. ಇದನ್ನ ನೀವೇ ಹೇಳ್ಕೊಟ್ಟಿದ್ದು."

"ನಾನ್ಯಾಕೆ ಯೋಳ್ಕೊಡ್ಲಿ? ದೇವ್ರಾಣೆಗೂ ಆ ಮಾತು ಎತ್ತಿಲ್ಲ ನಾನು."

"ಮತ್ತೆ ಇವಳಿಗೆ..."

"ನಂಗ್ ಗೊತ್ತು" ಅಂದಳು ದೇವೀರಿ. ಸಿಟ್ಟಿಲ್ಲದ, ಕಂಡದ್ದನ್ನು ಹೇಳುವ ದನಿ. "ನೀನ್ ಕಟ್ಟೋವಾಗ ನಾನು ಅವ್ವಾ ಬ್ಯಾಡ ಅಂದೆ. ನೀನು ಕಿಟಕಿ ಕಡೆ ನೋಡ್ದೆ. ಇನ್ನೊಂದ್ ಕೊಕ್ಕರೆ ಕೇಳ್ತು, ನೀನು ಮಾತಾಡ್ಬ್ಯಾಡ ಅಂದೆ. ಆಮೇಲೆ ಅಜ್ಜಿ ಬಂತು. ನೀನು ಓಡಿಸ್ದೆ."

ಕಿಟಕಿಯ ಕಡೆ ನೋಡಿದ್ದನ್ನು ವನಜಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿಕೊಡಲು ರಂಗಮ್ಮನಿಗೂ ಗೊತ್ತಿರಲಿಲ್ಲ. ವನಜಮ್ಮ ಎಂಜಲು ಕೈಯಲ್ಲೇ ಎದ್ದು ಹಿತ್ತಿಲಿಗೆ ಹೋದಳು. ಸೀಬೆಮರದ ಬುಡದಲ್ಲಿ ನಿಂತಾಗ, ಇಷ್ಟು ವರ್ಷ ತಾನು ಕಟ್ಟಿದ ಮಕ್ಕಳ ಮುಖಗಳು ಕಣ್ಣ ಮುಂದೆ ಬರತೊಡಗಿದವು. ಕೆಲವರ ಹೆಸರೇ ಮರೆತುಹೋಗಿತ್ತು. ಅವರಿಗೆ ತನ್ನ ಮುಖ ಮರೆತಿರಲಾರದು ಎನ್ನಿಸಿ ಮರಕ್ಕೆ ಕೈ ಊರಿದಳು.

ಮಂಜುನಾಥ ಹಿಂದೆಯೇ ಬಂದ. "ಕೆಲ್ಸ ಬುಟ್ಬುಡು. ನಮ್ಗೆ ಬ್ಯಾಡ ಅದು."

ಬಾಗಿಲಲ್ಲಿ ನಿಂತಿದ್ದ ರಂಗಮ್ಮ ಅಂದಳು: "ಬುಟ್ಟು ಬಂದು ಏನ್ ಮಾಡ್ತಾಳೆ? ಕೂಸು ಅವ್ಳತ್ರ ಓಗಲ್ಲ." ಚುಚ್ಚಲೆಂದು ಆಡಿದ ಮಾತಲ್ಲ. ಇದ್ದದ್ದನ್ನು ಅಂದಿದ್ದಳು.

"ಬಿಡಲ್ಲ" ಅಂದಳು ವನಜಮ್ಮ. "ಅಲ್ಲಿ ಉಳಿದ ನರ್ಸುಗಳೆಲ್ಲ ಇನ್ನೂ ಮಕ್ಕಳಿಗೆ ಏನೂ ನೆನಪಿರಲ್ಲ ಅಂತಾನೇ ತಿಳ್ಕೊಂಡಿದ್ದಾರೆ."

ಕೆಲಸಕ್ಕೆ ಮರಳಿದವಳು ಪೊನ್ನಮ್ಮನಿಗೆ ಎಲ್ಲವನ್ನೂ ಹೇಳಿದಳು. ತಾಯಂದಿರನ್ನು ಒಳಗೆ ಬಿಡಬೇಕು, ಮಕ್ಕಳ ಜೊತೆ ಮಾತಾಡಬೇಕು ಅಂದಳು. ಪೊನ್ನಮ್ಮ ಕೇಳಿಸಿಕೊಂಡು ಲೋಟ ಕೆಳಗಿಟ್ಟಳು.

"ನಿನ್ನ ಮಗು ಹೆದರಿತು, ಸರಿ. ಆದರೆ ಉಳಿಯಿತು. ಕಟ್ಟಿದ್ದಕ್ಕೇ ಉಳಿಯಿತು. ಗುಂಡನನ್ನು ಮರೆತೆಯಾ ನೀನು?"

ವನಜಮ್ಮ ಟೋಪಿ ಸರಿ ಮಾಡಿಕೊಂಡು ಮಕ್ಕಳ ಕೋಣೆಗೆ ಹೋದಳು.

ಬೇಸಿಗೆ ಮುಗಿಯುವ ಮುನ್ನ ಲೈನಿನಿಂದ ಸಿದ್ದ ಎಂಬ ಹುಡುಗನನ್ನು ತಂದರು. ಮಿದುಳು ಜ್ವರ. ಉಳಿಯುವುದು ಕಷ್ಟವೆಂದು ಡಾಕ್ಟರ ಮುಖವೇ ಹೇಳುತ್ತಿತ್ತು. ಹುಡುಗ ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈ ಬೀಸುತ್ತಿದ್ದ. ಪ್ರೇಮಾವತಿ ಪಟ್ಟಿ ತಂದಳು. ವನಜಮ್ಮ ಅವನ ಮುಖದ ಹತ್ತಿರ ಬಗ್ಗಿದಳು.

"ಸಿದ್ದಾ, ನಾನು ನರ್ಸಮ್ಮ. ನಿನ್ನ ಕೈಗೆ ಬಟ್ಟೆ ಕಟ್ತೀನಿ, ಬೀಳಬಾರದು ಅಂತ. ನೋವಾದ್ರೆ ಹೇಳು. ಇಲ್ಲೇ ಇರ್ತೀನಿ."

"ಮಾತಾಡಿದರೆ ಹೆಚ್ಚಾಗುವುದಿಲ್ಲವಾ ಅಕ್ಕ?"

"ಗೊತ್ತಿಲ್ಲ ಪ್ರೇಮಾ. ನಾನು ಕಲಿಸಿದ್ದು ತಪ್ಪಿರಬಹುದು."

ಹುಡುಗ "ಅವ್ವ ಎಲ್ಲಿ" ಎಂದು ಕೇಳಿದ. ಒಮ್ಮೆಯಲ್ಲ, ಬಿಡದೆ ಕೇಳಿದ. ವನಜಮ್ಮ ಹೊರಗೆ ಹೋಗಿ, ಗೇಟಿನ ಬಳಿ ಸೆರಗು ಕಚ್ಚಿಕೊಂಡು ಕೂತಿದ್ದ ಅವನ ತಾಯಿಯನ್ನು ಅಡುಗೆಮನೆಯ ಬಾಗಿಲಿಂದ ಕರೆತಂದಳು. ಆ ಹೆಂಗಸು ಮಂಚದ ಮೇಲೆ ಹತ್ತಿ ಕೂತು ಮಗನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು. ವನಜಮ್ಮ ಕೈಯ ಪಟ್ಟಿಗಳನ್ನು ಬಿಚ್ಚಿದಳು. ಹುಡುಗ ಓಡಲಿಲ್ಲ. ತಾಯಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಮ್ಮನಾದ. ಇಳಿಹೊತ್ತಿಗೆ ಉಸಿರು ನಿಂತಿತು.

ತಾಯಿಯ ಅಳು ಕೇಳಿ ಪೊನ್ನಮ್ಮ ಬಂದಳು. ಮಂಚದ ಮೇಲಿನ ಹೆಂಗಸನ್ನು, ಕೆಳಗೆ ಬಿದ್ದಿದ್ದ ಪಟ್ಟಿಗಳನ್ನು ನೋಡಿದಳು. ಬಗ್ಗಿ ಒಂದೊಂದಾಗಿ ಪಟ್ಟಿ ಎತ್ತಿಕೊಂಡಳು.

"ಇನ್ನು ಮೇಲೆ ನನ್ನನ್ನು ಕೇಳಿ ಮಾಡು" ಅಂದಳು. ಪಟ್ಟಿ ಸುತ್ತುತ್ತ, "ಎಲ್ಲರನ್ನೂ ಬಿಡಲು ಆಗುವುದಿಲ್ಲ. ಕೇಳು, ನೋಡುವ" ಅಂದಳು.

ಆ ವಾರ ವನಜಮ್ಮ ಮನೆಗೆ ಬಂದಾಗ ಯಾರಿಗೂ ಸಿದ್ದನ ವಿಷಯ ಹೇಳಲಿಲ್ಲ. ಬಾವಿಯ ಕಲ್ಲಿನ ಮೇಲೆ ಕೂತು ಬಿಳಿ ಸೀರೆ ಒಗೆಯುತ್ತಿದ್ದಳು. ದೇವೀರಿ ಅಷ್ಟು ದೂರದಲ್ಲಿ, ಹುಟ್ಟುತ್ತಿದ್ದ ಕೂದಲ ತಲೆಗೆ ಅಜ್ಜಿಯ ಹರಕು ಸೆರಗು ಸುತ್ತಿಕೊಂಡು, ಕೈ ಹಿಂದೆ ಕಟ್ಟಿ ನಿಂತು ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು:

"ನೀನು ಈಗ್ಲೂ ಕಟ್ತೀಯಾ?"

ಇಲ್ಲ ಎನ್ನುವುದು ಸುಲಭವಿತ್ತು. ಅಂದಿದ್ದರೆ ಮಗು ಹತ್ತಿರ ಬರುತ್ತಿತ್ತೇನೋ. ವನಜಮ್ಮ ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟಳು.

"ಒಬ್ಬೊಬ್ರನ್ನ ಕಟ್ಟಬೇಕಾಗುತ್ತೆ ಮಗಾ. ಇಲ್ಲದಿದ್ರೆ ಬಿದ್ದು ಸಾಯ್ತಾರೆ. ಆದ್ರೆ ಈಗ ಅವ್ರಿಗೆ ಹೇಳಿ ಕಟ್ತೀನಿ. ಪಕ್ಕದಲ್ಲೇ ಕೂತಿರ್ತೀನಿ. ಅವ್ರು ಕರೆದ್ರೆ ಓ ಅಂತೀನಿ."

ದೇವೀರಿ ಯೋಚಿಸಿದಳು.

"ನಂಗ್ ಯೋಳ್ಲಿಲ್ಲ."

"ಇಲ್ಲ. ನಿಂಗೆ ಹೇಳ್ಲಿಲ್ಲ."

ಒಳಗಿನಿಂದ ರಂಗಮ್ಮ ಮುದ್ದೆ ಆರುತ್ತದೆ ಎಂದು ಕೂಗಿದಳು. ಮಗು ಹತ್ತಿರವೂ ಬರಲಿಲ್ಲ, ಅಜ್ಜಿಯ ಕಡೆ ಓಡಲೂ ಇಲ್ಲ. ಅಲ್ಲೇ, ಬಾವಿಯಿಂದ ಅಷ್ಟು ದೂರದಲ್ಲಿ ಕುಕ್ಕರಿಸಿ ಕೂತು, ತಾಯಿ ಸೀರೆ ಹಿಂಡುವುದನ್ನು ನೋಡತೊಡಗಿತು.